ಯಾಂಗೋನಿನ ಉಚಿತ ಶವಸಂಸ್ಕಾರ ಸಂಘ: ಪದೇ ಪದೇ ಕೇಳುವ ಪ್ರಶ್ನೆಗಳು

ಬರ್ಮಾ (ಈಗಿನ ಮ್ಯಾನ್ಮಾರ್) ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ತೇಗದ ಮರ, ಆಂಗ್ ಸಾನ್ ಸೂಕಿ, ಸೈನಿಕ ಆಡಳಿತ. ಅದೇ ದೇಶದಲ್ಲಿ ಬಡವರ ಹೆಣಕ್ಕೆ ಹೆಗಲು ಕೊಡಲು ಹುಟ್ಟಿದ ಒಂದು ಸಂಘ, ಕ್ರಮೇಣ ಆಸ್ಪತ್ರೆ ನಡೆಸಿತು, ಮಕ್ಕಳಿಗೆ ಪಾಠ ಹೇಳಿಸಿತು, ಚಂಡಮಾರುತಕ್ಕೆ ಸಿಕ್ಕವರಿಗೆ ಅಕ್ಕಿ ಹಂಚಿತು. ಆ ಸಂಘದ ಬಗ್ಗೆ ಹೇಳುವಾಗಲೆಲ್ಲ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಇದು ಯಾವ ಸಂಘ? ಯಾರು ಕಟ್ಟಿದ್ದು?

ಯಾಂಗೋನ್ (ಹಿಂದಿನ ರಂಗೂನ್) ನಗರದ ಉಚಿತ ಶವಸಂಸ್ಕಾರ ಸೇವಾ ಸಂಘ. ಶುರುವಾದದ್ದು 2001ರಲ್ಲಿ. ಕಟ್ಟಿದವರಲ್ಲಿ ಮುಖ್ಯರು ಇಬ್ಬರು: ಆಗಲೇ 90ರ ಆಸುಪಾಸಿನಲ್ಲಿದ್ದ ಹಿರಿಯ ಚಿತ್ರ ನಿರ್ದೇಶಕ ಊ ತುಖ ಮತ್ತು ಹೆಸರಾಂತ ನಟ ಕ್ಯಾವ್ ತೂ. ಕ್ಯಾವ್ ತೂ ಅವರ ಪತ್ನಿ ಮಿಂಟ್ ಮಿಂಟ್ ಖಿನ್ ಪೇ ಮೊದಲಿನಿಂದಲೂ ಈ ಕೆಲಸದಲ್ಲಿ ಜೊತೆಗಿದ್ದವರು. ತುಖ 2005ರಲ್ಲಿ ತೀರಿಕೊಂಡರು.

ಹೆಸರುಗಳನ್ನು ಹೇಗೆ ಉಚ್ಚರಿಸಬೇಕು?

ನಮ್ಮ ಪತ್ರಿಕೆಗಳು ‘ಕ್ಯಾವ್’ ಎಂದು ಬರೆಯುವುದು ಬರ್ಮೀಯರ ಬಾಯಲ್ಲಿ ‘ಚೊ’ ಎಂಬಂತೆ ಕೇಳುತ್ತದೆ. ‘ಊ’ ಎನ್ನುವುದು ಹೆಸರಲ್ಲ, ಹಿರಿಯ ಗಂಡಸರಿಗೆ ಕೊಡುವ ಗೌರವ, ಹೆಂಗಸರಿಗೆ ‘ದೋ’. ಮನೆತನದ ಹೆಸರು ಇಟ್ಟುಕೊಳ್ಳುವ ಪದ್ಧತಿ ಬರ್ಮೀಯರಲ್ಲಿ ಇಲ್ಲ. ಹಾಗಾಗಿ ಅಪ್ಪ, ಮಗ, ಸೊಸೆ ಮೂವರ ಹೆಸರೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಇರಬಹುದು.

ಸೇವೆ ಮಾಡಬೇಕು ಅಂತಿದ್ದರೆ ಶಾಲೆಯನ್ನೋ ಆಸ್ಪತ್ರೆಯನ್ನೋ ಕಟ್ಟಬಹುದಿತ್ತಲ್ಲ. ಸಾವಿನಿಂದಲೇ ಏಕೆ ಶುರು ಮಾಡಿದರು?

ತುಖ ಒಮ್ಮೆ ಆಸ್ಪತ್ರೆ ಸೇರಿದ್ದರು. ಅಲ್ಲಿ ಸಾವಿನಂಚಿನಲ್ಲಿದ್ದ ಒಬ್ಬ ರೋಗಿಯನ್ನು ಮನೆಯವರು ಬಿಟ್ಟು ಹೋದದ್ದನ್ನು ಕಂಡರು. ಪ್ರೀತಿ ಇಲ್ಲದೆ ಬಿಟ್ಟು ಹೋದದ್ದಲ್ಲ. ಜೀವ ಹೋದ ಮೇಲೆ ಹೆಣ ಸಾಗಿಸಲು, ಪೆಟ್ಟಿಗೆ ಕೊಳ್ಳಲು, ಸುಡಲು ಅವರ ಕೈಯಲ್ಲಿ ಕಾಸಿರಲಿಲ್ಲ. ಉಸಿರಿರುವಾಗಲೇ ಕಣ್ಮರೆಯಾದರೆ ಆಸ್ಪತ್ರೆಯವರೇ ಹೇಗೋ ಮಾಡುತ್ತಾರೆ ಎಂಬ ಲೆಕ್ಕ. ಈ ಸಂಗತಿಯನ್ನು ತುಖ ಕ್ಯಾವ್ ತೂ ಅವರಿಗೆ ಹೇಳಿದರು. ಸಂಘಕ್ಕೆ ಬೀಜ ಬಿದ್ದದ್ದು ಅಲ್ಲಿ.

ನನಗೆ ಈ ಸಂಘದ ಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಇದೇ. ಬಡತನ ಎಷ್ಟು ಕೆಳಗಿಳಿದಿದೆ ಎಂದು ತಿಳಿಯಬೇಕಾದರೆ ಜನ ಏನು ತಿನ್ನುತ್ತಾರೆ ಎಂದು ಕೇಳುತ್ತೇವೆ. ಸತ್ತವರನ್ನು ಹೇಗೆ ಕಳಿಸುತ್ತಾರೆ ಎಂದು ಕೇಳುವವರು ಕಡಿಮೆ. ಅವರು ಅದನ್ನು ಕೇಳಿದರು, ಉತ್ತರವನ್ನು ಹೆಗಲ ಮೇಲೆ ಹೊತ್ತರು.

ಯಾಂಗೋನಿನಲ್ಲಿ ಮಣ್ಣು ಮಾಡುವುದು ಅಷ್ಟು ದುಬಾರಿಯೇ?

ದಿನಗೂಲಿಯವರಿಗೆ ಹೌದು. ನಗರದ ನಡುವೆ ಕ್ಯಾಂಡೊ ಎಂಬ ದೊಡ್ಡ ಸ್ಮಶಾನವಿತ್ತು. 1990ರ ದಶಕದಲ್ಲಿ ಆಡಳಿತ ಅದನ್ನು ತೆರವುಗೊಳಿಸಿತು. ಆಮೇಲೆ ಹೆಣ ಹೋಗಬೇಕಾದದ್ದು ಊರ ಹೊರಗಿನ ಯೇವೇ ಅಥವಾ ನದಿಯಾಚೆಯ ಟೇನ್‌ಬಿನ್ ಸ್ಮಶಾನಕ್ಕೆ. ಹೆಗಲ ಮೇಲೆ ಹೊತ್ತು ಹೋಗುವ ದೂರ ಅದಲ್ಲ, ವಾಹನ ಬೇಕೇ ಬೇಕು. ಜೊತೆಗೆ ಬರುವವರಿಗೊಂದು ಬಸ್ಸು, ಪೆಟ್ಟಿಗೆ, ಸುಡುವ ಶುಲ್ಕ, ಕೆಲಸದವರ ಕೂಲಿ, ಭಿಕ್ಷುಗಳಿಗೆ ದಾನ, ಏಳನೆಯ ದಿನದ ಊಟ. ಇಷ್ಟರ ಹೊತ್ತಿಗೆ ಆ ಮನೆಯವರು ರೋಗಿಯ ಔಷಧಕ್ಕೇ ಇದ್ದಬದ್ದದ್ದೆಲ್ಲ ಮಾರಿಕೊಂಡಿರುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ 191 ದೇಶಗಳ ಆರೋಗ್ಯ ವ್ಯವಸ್ಥೆಯನ್ನು ಅಳೆದಾಗ ಬರ್ಮಾಕ್ಕೆ ಸಿಕ್ಕ ಸ್ಥಾನ 190. ಸಂಘ ಹುಟ್ಟಿದ್ದು ಅದರ ಮರುವರ್ಷ. ಸರ್ಕಾರಿ ಆಸ್ಪತ್ರೆ ಎಂದರೂ ಹತ್ತಿ, ಸೂಜಿ, ಔಷಧವನ್ನೆಲ್ಲ ರೋಗಿಯ ಕಡೆಯವರೇ ಹೊರಗಿನಿಂದ ತರಬೇಕಾಗಿದ್ದ ಕಾಲ ಅದು.

ಬರ್ಮಾದಲ್ಲಿ ಶವಸಂಸ್ಕಾರ ಹೇಗೆ ನಡೆಯುತ್ತದೆ?

ಬೌದ್ಧರ ಮನೆಯ ಪದ್ಧತಿ ಹೇಳುತ್ತೇನೆ. ಕನ್ನಡದವರಿಗೆ ಇದರಲ್ಲಿ ಅಪರಿಚಿತ ಎನಿಸುವುದು ಕಡಿಮೆ.

ಮೊದಲು ಸ್ನಾನ ಮಾಡಿಸಿ ಒಳ್ಳೆಯ ಬಟ್ಟೆ ಉಡಿಸುತ್ತಾರೆ. ಎರಡೂ ಕೈಯ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟುತ್ತಾರೆ, ಕಾಲಿನ ಹೆಬ್ಬೆರಳುಗಳಿಗೂ ಹಾಗೆಯೇ. ಹಳೆಯ ಪದ್ಧತಿಯಲ್ಲಿ ದಾರದ ಬದಲು ಮಗನದೋ ಮಗಳದೋ ತಲೆಗೂದಲು ಬಳಸುವುದಿತ್ತು. ಬಾಯೊಳಗೆ ಒಂದು ನಾಣ್ಯ ಇಡುತ್ತಾರೆ. ಅದು ಆಚೆ ದಡಕ್ಕೆ ದಾಟಿಸುವ ದೋಣಿಯವನ ಬಾಡಿಗೆ. ಮನೆಯಿಂದ ಪೆಟ್ಟಿಗೆ ಎತ್ತುವಾಗ ನೀರಿನ ಮಡಕೆಯೊಂದನ್ನು ಒಡೆಯುತ್ತಾರೆ. ಬಂದವರ ಕೈಗೆ ಕಾಗದದ ಬೀಸಣಿಗೆ ಕೊಡುವ ರೂಢಿಯಿದೆ. ಅದರ ಮೇಲೆ ಸತ್ತವರ ಹೆಸರು, ಎಲ್ಲವೂ ಅನಿತ್ಯ ಎಂದು ಸಾರುವ ಬುದ್ಧವಚನ. ಸೆಕೆಯಲ್ಲಿ ಕೂತು ಅದರಿಂದಲೇ ಗಾಳಿ ಹಾಕಿಕೊಳ್ಳುತ್ತಾರೆ. ಮುಂದೆ ಎಷ್ಟೋ ದಿನ ಆ ಬೀಸಣಿಗೆ ಮನೆಯ ಮೂಲೆಯಲ್ಲಿ ಉಳಿದಿರುತ್ತದೆ, ಹೆಸರೂ ಉಳಿದಿರುತ್ತದೆ.

ಜೀವವನ್ನು ಅವರು ‘ಲೇಪ್ಯಾ’ ಎನ್ನುತ್ತಾರೆ. ಆ ಮಾತಿಗೆ ಚಿಟ್ಟೆ ಎಂಬ ಅರ್ಥವೂ ಇದೆ. ಅದು ಏಳು ದಿನ ಮನೆಯ ಸುತ್ತಮುತ್ತಲೇ ಇರುತ್ತದೆ ಎಂಬ ನಂಬಿಕೆ. ಏಳನೆಯ ದಿನ ಭಿಕ್ಷುಗಳನ್ನು ಕರೆದು ಊಟ ಹಾಕಿ, ಬಂದ ಪುಣ್ಯವನ್ನು ಸತ್ತವರಿಗೂ ಸಕಲ ಜೀವಿಗಳಿಗೂ ಹಂಚುತ್ತಾರೆ.

ಇದಿಷ್ಟೂ ಸಾಂಗವಾಗಿ ನಡೆಯದಿದ್ದರೆ ಸತ್ತವರಿಗೆ ಸದ್ಗತಿ ಇಲ್ಲ ಎಂಬ ಸಂಕಟ ಮನೆಯವರನ್ನು ಜೀವನವಿಡೀ ಕಾಡುತ್ತದೆ. ಸಂಘ ವಾಹನ, ಪೆಟ್ಟಿಗೆ, ಹೊರುವ ಕೈಗಳು, ಸ್ಮಶಾನದ ಖರ್ಚು ಇವನ್ನು ಹೊತ್ತುಕೊಂಡಾಗ ಅದು ಬರೀ ಸಾಗಣೆಯ ಕೆಲಸವಾಗಿ ಉಳಿಯುವುದಿಲ್ಲ, ಆ ಸಂಕಟವನ್ನೂ ಇಳಿಸಿದಂತೆ.

ಸಿನಿಮಾ ನಾಯಕ ಹೆಣ ಹೊತ್ತಾಗ ಜನ ಏನೆಂದರು?

ಹಿಂಜರಿದರು. ಬರ್ಮಾದಲ್ಲಿ ಸ್ಮಶಾನದ ಕೆಲಸ ಮಾಡುವವರನ್ನು ಹಿಂದಿನಿಂದಲೂ ದೂರ ಇಟ್ಟಿದ್ದರು. ಅವರ ಮಕ್ಕಳಿಗೂ ಆ ಕಳಂಕ ಅಂಟಿಕೊಂಡೇ ಬರುತ್ತಿತ್ತು. ಹೆಣ ಮುಟ್ಟಿದವರಿಂದ ಕೇಡು ತಗಲುತ್ತದೆ ಎಂಬ ಭಯ ಬೇರೆ. ಸುಮಾರು 200 ಚಿತ್ರಗಳಲ್ಲಿ ನಟಿಸಿ, ದೇಶದ ಚಲನಚಿತ್ರ ಅಕಾಡೆಮಿ ಪ್ರಶಸ್ತಿಯನ್ನು ನಟನಾಗಿಯೂ ನಿರ್ದೇಶಕನಾಗಿಯೂ ಗೆದ್ದ ಮನುಷ್ಯ ಶವವಾಹನದ ಚಾಲಕನ ಸೀಟಿನಲ್ಲಿ ಕೂತಾಗ ಚಿತ್ರರಂಗದಲ್ಲೇ ಮುಖ ತಿರುಗಿಸಿದವರಿದ್ದರು.

ಆದರೆ ಆ ಮುಖಕ್ಕೆ ಇದ್ದ ಹೆಸರೇ ಕೆಲಸಕ್ಕೆ ಬಂತು. ಗುಡಿಸಲಿನ ಮುಂದೆ ವಾಹನ ನಿಂತು, ಪರದೆಯ ಮೇಲೆ ಕಂಡಿದ್ದ ನಾಯಕ ಇಳಿದು ಬಂದು ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟರೆ, ನೆರೆಮನೆಯವರು ಇನ್ನೊಂದು ಮೂಲೆಯನ್ನು ಹೇಗೆ ತಾನೆ ಬಿಟ್ಟಾರು? ಬರಬರುತ್ತ ಇದು ಪುಣ್ಯದ ಕೆಲಸ ಎಂದು ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಸಾಲುಗಟ್ಟಿದರು. ಅಸ್ಪೃಶ್ಯವಾಗಿದ್ದ ಒಂದು ಕೆಲಸಕ್ಕೆ ಮಾನ ಬಂದದ್ದು ಈ ಸಂಘದ ಎಲ್ಲ ಲೆಕ್ಕಪತ್ರಗಳಿಗಿಂತ ದೊಡ್ಡ ಸಾಧನೆ ಎಂದು ನಾನು ನಂಬುತ್ತೇನೆ.

ಬೌದ್ಧರಿಗೆ ಮಾತ್ರವೇ?

ಅಲ್ಲ. ಬೌದ್ಧ, ಕ್ರೈಸ್ತ, ಮುಸ್ಲಿಂ, ಹಿಂದೂ ಯಾರೇ ಇರಲಿ. ಕೇಳಿ ಬಂದವರ ಧರ್ಮ, ಕುಲ, ಅಂತಸ್ತು ನೋಡದೆ ಸೇವೆ ಕೊಡುವುದು ಸಂಘದ ಮೊದಲ ನಿಯಮ. ಧರ್ಮದ ಹೆಸರಿನಲ್ಲಿ ಗಲಭೆಗಳನ್ನು ಕಂಡ ದೇಶದಲ್ಲಿ ಈ ನಿಯಮಕ್ಕೆ ಬೆಲೆ ಇದೆ. ಇದುವರೆಗೆ 1 ಲಕ್ಷಕ್ಕೂ ಹೆಚ್ಚು ಅಂತ್ಯಕ್ರಿಯೆಗಳನ್ನು ಅವರು ನೆರವೇರಿಸಿದ್ದಾರೆ.

ಹೆಣ ಸಾಗಿಸುವ ಸಂಘ ಆಸ್ಪತ್ರೆ ತೆರೆದದ್ದು ಹೇಗೆ?

ದಿನವೂ ಸಾವಿನ ಮನೆಗೆ ಹೋಗುವವರಿಗೆ, ಈ ಮನುಷ್ಯ ಸಾಯಲೇಬೇಕಿತ್ತೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕಾಯಿಲೆ ದೊಡ್ಡದಲ್ಲ, ವೈದ್ಯರ ಹತ್ತಿರ ಹೋಗಿರಲಿಲ್ಲ, ಅಷ್ಟೆ. 2007ರಲ್ಲಿ ಸಂಘ ಉಚಿತ ಚಿಕಿತ್ಸಾಲಯ ತೆರೆದು ಅದಕ್ಕೆ ತುಖ ಅವರ ಹೆಸರನ್ನೇ ಇಟ್ಟಿತು. ‘ತುಖ’ ನಮ್ಮ ‘ಸುಖ’ವೇ, ಪಾಲಿಯ ‘ಸ’ಕಾರ ಬರ್ಮೀಯರ ಬಾಯಲ್ಲಿ ‘ತ’ಕಾರದ ಹತ್ತಿರಕ್ಕೆ ಜಾರುತ್ತದೆ. ವೈದ್ಯರು ಅಲ್ಲಿ ತಮ್ಮ ಬಿಡುವಿನ ವೇಳೆ ಕೊಟ್ಟು ರೋಗಿಗಳನ್ನು ನೋಡುತ್ತಿದ್ದರು. ಹೆಣಕ್ಕೆ ವಾಹನ ಕೇಳಿಕೊಂಡು ಬರುತ್ತಿದ್ದವರು ರೋಗಿಯನ್ನು ಕರೆತರಲು ಶುರು ಮಾಡಿದರು.

ಶಿಕ್ಷಣಕ್ಕೆ ಏನು ಮಾಡುತ್ತಾರೆ?

ಬಡ ಮಕ್ಕಳಿಗೆ ಉಚಿತ ಪಾಠ, ಗ್ರಂಥಾಲಯ, ಯುವಕರಿಗೆ ಕಸುಬಿನ ತರಬೇತಿ.

ಇದರ ಹಿನ್ನೆಲೆಗೆ ಒಂದು ಮಾತು ಸೇರಿಸಬೇಕು. ಬರ್ಮಾದಲ್ಲಿ ಬಡವರ ಮಕ್ಕಳ ವಿದ್ಯೆಯ ಭಾರ ಹೊತ್ತವರು ತಲೆತಲಾಂತರದಿಂದ ಬೌದ್ಧ ವಿಹಾರಗಳು. ಈಗಲೂ ಶುಲ್ಕವಿಲ್ಲದೆ ಕಲಿಸುವ ವಿಹಾರಶಾಲೆಗಳು ದೇಶದ ತುಂಬ ಇವೆ. ಮಂಡಾಲೆಯ ಫಾಂಗ್ ಡೋ ಊ ವಿಹಾರದ ಶಾಲೆ 1993ರಲ್ಲಿ ಶುರುವಾಗಿ ಸಾವಿರಾರು ಮಕ್ಕಳಿಗೆ ಅಕ್ಷರ ಕಲಿಸಿದೆ. ಸಿದ್ಧಗಂಗೆ, ಸುತ್ತೂರು ಮಠಗಳ ಅನ್ನ-ಅಕ್ಷರ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸರ್ಕಾರಕ್ಕೂ ಇವರಿಗೂ ಏಕೆ ಸರಿಬರಲಿಲ್ಲ?

2007ರ ಆಗಸ್ಟ್‌ನಲ್ಲಿ ಸೈನಿಕ ಆಡಳಿತ ಇಂಧನದ ಬೆಲೆಯನ್ನು ರಾತ್ರೋರಾತ್ರಿ ಏರಿಸಿತು. ಬಸ್ಸಿನ ದರ, ಅಕ್ಕಿಯ ದರ ಕೈಗೆ ಸಿಗದಾದವು. ಸೆಪ್ಟೆಂಬರ್‌ನಲ್ಲಿ ಭಿಕ್ಷುಗಳು ಸಾವಿರಗಟ್ಟಲೆ ಬೀದಿಗಿಳಿದರು. ಕ್ಯಾವ್ ತೂ ಮತ್ತು ಹಾಸ್ಯ ಕಲಾವಿದ ಜರ್ಗನಾರ್ ಶ್ವೇಡಗೋನ್ ಪಗೋಡಾದ ಬಳಿ ಆ ಭಿಕ್ಷುಗಳಿಗೆ ಅನ್ನ, ನೀರು ಅರ್ಪಿಸಿದರು. ಭಿಕ್ಷುವಿನ ಪಾತ್ರೆಗೆ ಅನ್ನ ಹಾಕುವುದು ಬರ್ಮಾದ ಪ್ರತಿ ಮನೆಯ ಬೆಳಗಿನ ಕೆಲಸ. ಆ ವಾರ ಅದೇ ಅಪರಾಧವಾಯಿತು. ಅಕ್ಟೋಬರ್‌ನಲ್ಲಿ ಕ್ಯಾವ್ ತೂ ದಂಪತಿಯನ್ನು ಹಿಡಿದು, ಸುಮಾರು ಒಂದು ವಾರ ಇಟ್ಟುಕೊಂಡು ಬಿಟ್ಟರು. ಆಮೇಲೆ ಅವರಿಗೆ ಚಿತ್ರರಂಗದ ಬಾಗಿಲು ಮುಚ್ಚಿತು.

ಮರುವರ್ಷ 2008ರ ಮೇ 2ರಂದು ನರ್ಗಿಸ್ ಚಂಡಮಾರುತ ಐರಾವತಿ ನದಿಯ ಮುಖಜಭೂಮಿಗೆ ಅಪ್ಪಳಿಸಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು 1,38,000. ಆಡಳಿತ ಹೊರದೇಶದ ನೆರವನ್ನು ವಾರಗಟ್ಟಲೆ ತಡೆದು ನಿಲ್ಲಿಸಿದಾಗ ಅಕ್ಕಿ, ನೀರು, ಬಟ್ಟೆ ಹೇರಿಕೊಂಡು ಹಳ್ಳಿಗಳಿಗೆ ಹೋದವರು ಇಂಥ ಸಂಘದವರು, ಭಿಕ್ಷುಗಳು, ಸಾಮಾನ್ಯ ಜನ. ಪರಿಹಾರ ಕೆಲಸಕ್ಕಿಳಿದ ಜರ್ಗನಾರ್ ಅವರಿಗೆ ದಶಕಗಳ ಜೈಲುಶಿಕ್ಷೆಯಾಯಿತು, ಬಿಡುಗಡೆಯಾದದ್ದು 2011ರಲ್ಲಿ. ಹಸಿದವರಿಗೆ ಅನ್ನ ಕೊಟ್ಟವರನ್ನು ಜೈಲಿಗೆ ಹಾಕಿದ್ದನ್ನು ಎಷ್ಟು ವರ್ಷ ಕಳೆದರೂ ಸಮಾಧಾನದಿಂದ ಬರೆಯಲು ನನಗಾಗುವುದಿಲ್ಲ.

ಇಷ್ಟೆಲ್ಲ ನಡೆಸಲು ಹಣ ಎಲ್ಲಿಂದ?

ಜನರಿಂದ. ಬರ್ಮಾ ಬಡ ದೇಶ ನಿಜ, ಆದರೆ ಕೊಡುವ ಕೈ ದೊಡ್ಡದು. ಜಾಗತಿಕ ದಾನ ಸೂಚ್ಯಂಕದಲ್ಲಿ 2014ರಲ್ಲಿ ಅಮೆರಿಕದ ಜೊತೆಗೂ, 2015ರಿಂದ 2017ರವರೆಗೆ ಒಂಟಿಯಾಗಿಯೂ ಮೊದಲ ಸ್ಥಾನದಲ್ಲಿತ್ತು. ಹುಟ್ಟುಹಬ್ಬ ಬಂದರೆ ಕೇಕ್ ಕತ್ತರಿಸುವುದಕ್ಕಿಂತ ಮುಂಚೆ, ಈ ಸಲ ಯಾರಿಗೆ ಏನು ಕೊಡುವುದು ಎಂದು ಮನೆಯಲ್ಲಿ ಮಾತಾಗುತ್ತದೆ. ಒಬ್ಬರು ವಿಹಾರಕ್ಕೆ ಒಂದು ಹೊತ್ತಿನ ಊಟ, ಇನ್ನೊಬ್ಬರು ಪರಹಿತ ಸಂಘಕ್ಕೆ ತಮ್ಮ ಕೈಲಾದಷ್ಟು. ಅಪ್ಪ ಅಮ್ಮ ತೀರಿಕೊಂಡ ದಿನ ಬಂದಾಗಲೂ ಹಾಗೆಯೇ. ಸಾವಿರಾರು ಜನರ ಚಿಕ್ಕ ಚಿಕ್ಕ ಮೊತ್ತಗಳೇ ಶವವಾಹನದ ಡೀಸೆಲ್ ಆಗುತ್ತವೆ.

‘ಪರಹಿತ’ ಅಂತ ಬರ್ಮೀಯರೂ ಹೇಳುತ್ತಾರೆಯೇ?

ಹೌದು, ಇದು ನಮಗೆ ಸಂತೋಷ ಕೊಡುವ ವಿಷಯ. ಧರ್ಮಾರ್ಥ ಸಂಸ್ಥೆಗೆ ಬರ್ಮೀ ಭಾಷೆಯಲ್ಲಿ ಇರುವ ದಿನಬಳಕೆಯ ಮಾತೇ ‘ಪರಹಿತ’. ಪಾಲಿಯ ಮೂಲಕ ಹೋದ ಪದ. ದಾನ, ಕರುಣಾ, ಮೆತ್ತಾ, ಚೇತನಾ ಇವೂ ಅಲ್ಲಿ ಮನೆಮಾತು. ‘ಚೇತನಾ’ ಅವರಿಗೆ ‘ಸೆದನಾ’: ಪ್ರತಿಫಲ ಬಯಸದ ಒಳ್ಳೆಯ ಮನಸ್ಸು ಎಂದು ಅರ್ಥ.

ಅಚ್ಚ ಬರ್ಮೀ ಮಾತೊಂದೂ ಇಲ್ಲಿ ಮುಖ್ಯ. ಮದುವೆ, ನಾಮಕರಣದಂಥ ಶುಭಕಾರ್ಯ ‘ತಾ-ಯೇ’. ಸಾವು ನೋವಿನ ಕೆಲಸ ‘ನಾ-ಯೇ’. ಎರಡನ್ನೂ ಜೋಡಿಸಿಯೇ ಹೇಳುವುದು ರೂಢಿ, ನಾವು ‘ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಆಗುವವರು’ ಅನ್ನುವ ಹಾಗೆ. ಈ ಸಂಘದ ಬರ್ಮೀ ಹೆಸರಿನಲ್ಲಿರುವುದು ‘ನಾ-ಯೇ’ಗೆ ನೆರವಾಗುವವರು ಎಂಬ ಅರ್ಥ.

ಇಂಥ ಸಂಘ ಇದೊಂದೇನಾ?

ಅಲ್ಲ. ಮಂಡಾಲೆಯ ಬ್ರಹ್ಮಸೋ ಸಂಘ ಇದಕ್ಕಿಂತ ಹಳೆಯದು, 1990ರ ದಶಕದ ಕೊನೆಯಲ್ಲಿ ಹುಟ್ಟಿದ್ದು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ, ಬೌದ್ಧರು ಬ್ರಹ್ಮವಿಹಾರ ಎನ್ನುವ ನಾಲ್ಕು ಒಳ್ಳೆಯ ಮನೋಭಾವಗಳಿಂದ ಅದರ ಹೆಸರು ಬಂದಿದೆ. ಈಗ ಬಹುತೇಕ ಪ್ರತಿ ಪೇಟೆಯಲ್ಲೂ ‘ನಾ-ಯೇ’ ಸಂಘ ಉಂಟು.

ಸೂಕಿಯವರ ಪ್ರತಿಷ್ಠಾನವೂ ಇದೂ ಒಂದೇನಾ?

ಬೇರೆ ಬೇರೆ. ಸೂಕಿ 2012ರಲ್ಲಿ ತಮ್ಮ ತಾಯಿ ದೋ ಖಿನ್ ಚೀ ಅವರ ಹೆಸರಿನಲ್ಲಿ ಪ್ರತಿಷ್ಠಾನ ಸ್ಥಾಪಿಸಿದರು. ಶಿಕ್ಷಣ, ಆರೋಗ್ಯ, ಹಿಂದುಳಿದ ಪ್ರದೇಶಗಳ ಏಳಿಗೆ ಅದರ ಗುರಿ. ವಾಹನದಲ್ಲಿ ಪುಸ್ತಕ ತುಂಬಿಕೊಂಡು ಊರೂರಿಗೆ ಹೋಗುವ ಸಂಚಾರಿ ಗ್ರಂಥಾಲಯ ಅದರ ಒಳ್ಳೆಯ ಕೆಲಸಗಳಲ್ಲಿ ಒಂದು. ಖಿನ್ ಚೀ ದಾದಿಯಾಗಿ ದುಡಿದವರು. ರಂಗೂನಿನ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿದ್ದ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಅವರನ್ನು ಆರೈಕೆ ಮಾಡುತ್ತಲೇ ಅವರ ಕೈ ಹಿಡಿದರು. 1960ರಲ್ಲಿ ಬರ್ಮಾದ ರಾಯಭಾರಿಯಾಗಿ ದೆಹಲಿಗೆ ಬಂದರು. ಸೂಕಿ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ ಓದಿದ್ದು ಆಗಲೇ.

2021ರ ಫೆಬ್ರುವರಿ 1ರಂದು ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡ ಮೇಲೆ ಸೂಕಿಯವರ ಮೇಲೆ ಹೂಡಿದ ಮೊಕದ್ದಮೆಗಳಲ್ಲಿ ಈ ಪ್ರತಿಷ್ಠಾನದ ಹಣ, ಜಮೀನಿನ ವಿಷಯವೂ ಸೇರಿತ್ತು. ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆದು 2022ರ ಆಗಸ್ಟ್‌ನಲ್ಲಿ ಶಿಕ್ಷೆ ಕೊಟ್ಟರು. ಸೂಕಿ ಆರೋಪಗಳನ್ನು ಒಪ್ಪಿಲ್ಲ.

ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಯಾವಾಗ?

2015ರಲ್ಲಿ, ಕ್ಯಾವ್ ತೂ ಅವರಿಗೆ. ಸತ್ತವರ ಮತ್ತು ಬದುಕಿರುವವರ ಮೂಲ ಅಗತ್ಯಗಳಿಗೆ ವರ್ಗ, ಧರ್ಮ ನೋಡದೆ ಸ್ಪಂದಿಸಿದ್ದಕ್ಕಾಗಿ. ಆ ವರ್ಷ ಭಾರತದ ಇಬ್ಬರು ಅವರ ಜೊತೆಗಿದ್ದರು: ಬಡವರಿಗೆ ಬಟ್ಟೆ ತಲುಪಿಸುವ ‘ಗೂಂಜ್’ ಸಂಸ್ಥೆ ಕಟ್ಟಿದ ಅಂಶು ಗುಪ್ತ ಮತ್ತು ಭ್ರಷ್ಟಾಚಾರ ಬಯಲಿಗೆಳೆದ ಅರಣ್ಯ ಅಧಿಕಾರಿ ಸಂಜೀವ್ ಚತುರ್ವೇದಿ. ಅಂಶು ಗುಪ್ತ ಅವರ ಕೆಲಸಕ್ಕೂ ದಾರಿಯಾದವರಲ್ಲಿ ದೆಹಲಿಯ ಬೀದಿಗಳಲ್ಲಿ ಅನಾಥ ಹೆಣಗಳನ್ನು ಸಾಗಿಸುತ್ತಿದ್ದ ಒಬ್ಬ ಬಡವ ಇದ್ದ.

ಈಗ ಅಲ್ಲಿ ಪರಹಿತ ಕೆಲಸ ಹೇಗೆ ನಡೆಯುತ್ತಿದೆ?

ಬಹಳ ಕಷ್ಟದಲ್ಲಿ. 2021ರ ಮಾರ್ಚ್‌ನಲ್ಲಿ ಯಾಂಗೋನಿನ ಉತ್ತರ ಒಕ್ಕಲಪದಲ್ಲಿ ಆಂಬುಲೆನ್ಸ್‌ನ ಸ್ವಯಂಸೇವಕರನ್ನು ವಾಹನದಿಂದ ಇಳಿಸಿ ಬಂದೂಕಿನ ಹಿಡಿಯಿಂದ ಹೊಡೆಯುವುದು ಕ್ಯಾಮೆರಾದಲ್ಲಿ ಸೆರೆಯಾಗಿ ಜಗತ್ತು ನೋಡಿತು. ಅದೇ ವರ್ಷದ ಜುಲೈನಲ್ಲಿ ಕೋವಿಡ್‌ನ ಮೂರನೆಯ ಅಲೆ ಬಂತು. ಜನ ಖಾಲಿ ಸಿಲಿಂಡರ್ ಹಿಡಿದು ಆಕ್ಸಿಜನ್‌ಗಾಗಿ ಸಾಲು ನಿಂತಿದ್ದರು, ಸ್ಮಶಾನಗಳಲ್ಲಿ ಹೆಣಗಳು ಸರದಿಗೆ ಕಾದಿದ್ದವು. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ನಿಂತ ಆ ಏಪ್ರಿಲ್, ಮೇ ತಿಂಗಳುಗಳನ್ನು ಕಂಡ ನಮಗೆ ಅದರ ಬಿಸಿ ಗೊತ್ತು. ಅಲ್ಲಿ ಹೊರಲು ಉಳಿದಿದ್ದವರು ಪರಹಿತದವರೇ.

2022ರ ಅಕ್ಟೋಬರ್‌ನಲ್ಲಿ ಬಂದ ಹೊಸ ಕಾನೂನು ನೋಂದಣಿಯಿಲ್ಲದೆ ಸೇವೆ ಮಾಡುವ ಸಂಸ್ಥೆಯವರನ್ನು ಜೈಲಿಗೆ ಹಾಕಬಹುದು ಎನ್ನುತ್ತದೆ. 2025ರ ಮಾರ್ಚ್ 28ರಂದು 7.7ರ ತೀವ್ರತೆಯ ಭೂಕಂಪಕ್ಕೆ ಸಗಾಯಿಂಗ್, ಮಂಡಾಲೆ ಕುಸಿದು 3,000ಕ್ಕೂ ಹೆಚ್ಚು ಜನ ಸತ್ತಾಗಲೂ, ಬರಿಗೈಯಲ್ಲಿ ಇಟ್ಟಿಗೆ ಸರಿಸಿದವರಲ್ಲಿ ಇವರು ಮುಂದಿದ್ದರು.

ಕರ್ನಾಟಕದಿಂದ ದೇಣಿಗೆ ಕಳಿಸಬಹುದೇ?

ಭಾರತದಲ್ಲಿ ವಾಸಿಸುವವರು ಹೊರದೇಶಕ್ಕೆ ದಾನವಾಗಿ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಎಲ್ಲ ಬಗೆಯ ರವಾನೆ ಸೇರಿ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ಆದರೆ ಹೊರದೇಶದ ಸಂಸ್ಥೆಗೆ ಕೊಟ್ಟದ್ದಕ್ಕೆ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹಣಕಾಸು ಅಕ್ರಮ ತಡೆಯುವ ಅಂತರರಾಷ್ಟ್ರೀಯ ಕಾರ್ಯಪಡೆ 2022ರ ಅಕ್ಟೋಬರ್‌ನಲ್ಲಿ ಬರ್ಮಾವನ್ನು ಕಪ್ಪುಪಟ್ಟಿಗೆ ಸೇರಿಸಿರುವುದರಿಂದ ಬ್ಯಾಂಕಿನವರು ಕಾಗದ ಪತ್ರ ಹೆಚ್ಚು ಕೇಳುತ್ತಾರೆ. ಫೇಸ್‌ಬುಕ್‌ನಲ್ಲಿ ಸಂಘದ ಹೆಸರು ಹಾಕಿ ಯಾರೋ ಕೊಟ್ಟ ಖಾತೆ ಸಂಖ್ಯೆಗೆ ಹಣ ಹಾಕಬೇಡಿ. ಕಳಿಸಿದ ಮೇಲೆ ಪಡೆದವರ ಹೆಸರನ್ನು ಬಹಿರಂಗವಾಗಿ ಬರೆಯಬೇಡಿ. ಅಲ್ಲಿ ಅದರಿಂದ ಯಾರಿಗಾದರೂ ತೊಂದರೆಯಾದೀತು.

ಸಿಂಗಪುರದಲ್ಲಿ ನನ್ನ ಜೊತೆ ಕೆಲಸ ಮಾಡುವ ಬರ್ಮಾದವರ ತಂದೆ ತೀರಿಕೊಂಡಿದ್ದಾರೆ. ಏನು ಮಾಡಲಿ?

ಹೋಗಿ. ಕರೆಯಲಿ ಎಂದು ಕಾಯಬೇಡಿ. ಸಾವಿನ ಮನೆಗೆ ಕರೆಯದೇ ಹೋಗುವುದು ಅಲ್ಲೂ ಮರ್ಯಾದೆಯೇ. ಒಂದು ಲಕೋಟೆಯಲ್ಲಿ ಕೈಲಾದಷ್ಟು ಹಣ ಇಟ್ಟು, ಬಲಗೈಯಿಂದ ಕೊಡುವಾಗ ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ. ಏಳನೆಯ ದಿನಕ್ಕೆ ಹೇಳಿದರೆ ತಪ್ಪಿಸಬೇಡಿ. ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂರಿ, ಕಾಲು ಭಿಕ್ಷುಗಳ ಕಡೆ ಚಾಚದಿರಲಿ. ಮಂತ್ರ ಮುಗಿದು ಸಣ್ಣ ಪಾತ್ರೆಯಿಂದ ಹನಿ ಹನಿಯಾಗಿ ನೀರು ಬಿಡುತ್ತಾರೆ; ಪುಣ್ಯ ಹಂಚುವ ಹೊತ್ತು ಅದು. ಮನೆಯವರು ‘ಅಮ್ಯಾ, ಅಮ್ಯಾ, ಅಮ್ಯಾ’ ಎನ್ನುತ್ತಾರೆ, ಪಾಲು ತೆಗೆದುಕೊಳ್ಳಿ ಎಂದು. ಆಗ ಕೂತವರೆಲ್ಲ ಒಟ್ಟಿಗೆ ‘ತಾದು, ತಾದು, ತಾದು’ ಎನ್ನುತ್ತಾರೆ. ಅದು ನಮ್ಮ ‘ಸಾಧು’. ನೀವೂ ದನಿ ಸೇರಿಸಿ.